ಏಳೇಳ್ಲ ನಲವತ್ತೊಂಬತ್ತು

‘ಊಟ ಅಷ್ಟೇ, ಓಡಾಟ ಅಷ್ಟೇ, ಆದರೂ ಈ ಹೊಟ್ಟೆ ಎಲ್ಲಿಂದ ಬಂತೋ!’ ನಲವತ್ತೈದರ ಆಚೀಚಿನ ಹೆಂಗಸರು ನಾಲ್ಕು ಜನ ಸೇರಿದರೆ ಈ ಮಾತು ಬಂದೇ ಬರುತ್ತದೆ. ಬೆನ್ನಿಗೇ ಉತ್ತರವೂ ಬರುತ್ತದೆ: ‘ವಯಸ್ಸಾಯ್ತಲ್ಲ, ಮೆಟಬಾಲಿಸಂ ನಿಧಾನ ಆಗಿದೆ.’ ಜಿಮ್‌ನವರು ಹೇಳುವುದೂ ಇದನ್ನೇ, ತೂಕ ಇಳಿಸುವ ಪುಡಿ ಮಾರುವವರು ಹೇಳುವುದೂ ಇದನ್ನೇ.

ಲೆಕ್ಕ ಹಾಕಿ ನೋಡಿದವರು ಬೇರೆಯೇ ಹೇಳುತ್ತಾರೆ. ವಿಜ್ಞಾನಿ ಹರ್ಮನ್ ಪಾಂಟ್ಜರ್ ಮತ್ತು ಸಂಗಡಿಗರು 29 ದೇಶಗಳ 6,400ಕ್ಕೂ ಹೆಚ್ಚು ಜನ ದಿನವೊಂದಕ್ಕೆ ಎಷ್ಟು ಶಕ್ತಿ ವ್ಯಯಿಸುತ್ತಾರೆ ಎಂಬ ಅಳತೆಗಳನ್ನು ಒಟ್ಟುಗೂಡಿಸಿ 2021ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಅದರಲ್ಲಿ ಎಂಟು ದಿನದ ಕೂಸಿನಿಂದ 95ರ ಮುದುಕರವರೆಗೆ ಎಲ್ಲರೂ ಇದ್ದರು. ಮೈಯ ಗಾತ್ರವನ್ನೂ ಸ್ನಾಯುವಿನ ಪ್ರಮಾಣವನ್ನೂ ಸರಿದೂಗಿಸಿ ನೋಡಿದರೆ 20ರಿಂದ 60ರವರೆಗೆ ಚಯಾಪಚಯದ ವೇಗ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿದೆ. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಹೆಂಗಸರ ಒಲೆ ಆರಿಹೋಗುತ್ತದೆ ಅನ್ನುವುದಕ್ಕೆ ಅಲ್ಲಿ ಆಧಾರ ಸಿಗಲಿಲ್ಲ.

ಹಾಗಂತ ಹೊಟ್ಟೆ ಬಂದದ್ದು ಭ್ರಮೆಯಲ್ಲ. ಅಮೆರಿಕದಲ್ಲಿ 1996ರಲ್ಲಿ ಶುರುವಾದ ‘ಸ್ವಾನ್’ ಅಧ್ಯಯನ 3,302 ಹೆಂಗಸರನ್ನು ಮುಟ್ಟು ನಿಲ್ಲುವ ಮೊದಲಿನಿಂದ ನಿಂತ ಎಷ್ಟೋ ವರ್ಷಗಳ ನಂತರದವರೆಗೂ ಹಿಂಬಾಲಿಸಿತು. ಅವರಲ್ಲಿ ಚೀನೀ ಮತ್ತು ಜಪಾನೀ ಮೂಲದವರೂ ಇದ್ದರು. 2019ರಲ್ಲಿ ಹೊರಬಿದ್ದ ಅದರ ಒಂದು ವರದಿ ಸ್ವಾರಸ್ಯವಾಗಿದೆ. ಮುಟ್ಟು ಏರುಪೇರಾಗತೊಡಗಿದ ಹೊತ್ತಿಗೆ ಮೈಯಲ್ಲಿ ಕೊಬ್ಬು ಸೇರುವ ವೇಗ ಸುಮಾರು ದುಪ್ಪಟ್ಟಾಗುತ್ತದೆ, ಸ್ನಾಯು ಕರಗಲು ಶುರುವಾಗುತ್ತದೆ. ಕೊನೆಯ ಮುಟ್ಟಾದ ಎರಡು ವರ್ಷದವರೆಗೂ ಇದು ನಡೆದು ಆಮೇಲೆ ತಣ್ಣಗಾಗುತ್ತದೆ. ತೂಕದ ಗೆರೆ ಮಾತ್ರ ಇದ್ಯಾವುದರ ಗೊಡವೆಯಿಲ್ಲದೆ ಮೊದಲಿನ ಗತಿಯಲ್ಲೇ ಏರುತ್ತಿರುತ್ತದೆ. ಕೊಬ್ಬು ಬಂತು, ಸ್ನಾಯು ಹೋಯಿತು. ಒಂದು ಇನ್ನೊಂದನ್ನು ಮುಚ್ಚಿಹಾಕಿತು. ತೂಕದ ಯಂತ್ರದ ಮೇಲೆ ನಿಂತವರಿಗೆ ಗೊತ್ತಾಗದ ಸಂಗತಿ ರವಿಕೆ ಹೊಲಿಯುವವರ ಟೇಪಿಗೆ ಮೊದಲು ಗೊತ್ತಾಗುವುದು ಇದಕ್ಕೇ.

ಈ ಹಂತವನ್ನೇ ಪೆರಿಮೆನೋಪಾಸ್ ಅನ್ನುವುದು. ಋತುಬಂಧ ಅಂದರೆ ಕೊನೆಯ ಮುಟ್ಟಿನ ಒಂದು ದಿನ. ಅದೂ ಹನ್ನೆರಡು ತಿಂಗಳು ಮುಟ್ಟಿಲ್ಲದೆ ಕಳೆದ ಮೇಲೆ ಹಿಂತಿರುಗಿ ನೋಡಿ ಗುರುತು ಹಾಕುವ ದಿನ. ಪೆರಿಮೆನೋಪಾಸ್ ಅದರ ಹಿಂದಿನ ಹಲವು ವರ್ಷಗಳ ಏರುಪೇರು. ಈಸ್ಟ್ರೋಜನ್ ನೆಟ್ಟಗೆ ಇಳಿಯುತ್ತಾ ಹೋಗುತ್ತದೆ ಅಂದುಕೊಳ್ಳುವವರೇ ಹೆಚ್ಚು. ನಿಜದಲ್ಲಿ ಅದು ಒಂದು ತಿಂಗಳು ಯೌವನದ ಮಟ್ಟವನ್ನೂ ಮೀರಿ ಚಿಮ್ಮುತ್ತದೆ, ಮುಂದಿನ ತಿಂಗಳು ಪಾತಾಳಕ್ಕಿಳಿಯುತ್ತದೆ. ಅಂಡ ಬಿಡುಗಡೆಯಾಗದ ತಿಂಗಳುಗಳಲ್ಲಿ ಪ್ರೊಜೆಸ್ಟರಾನ್ ಹೆಚ್ಚುಕಡಿಮೆ ಹುಟ್ಟುವುದೇ ಇಲ್ಲ. ಕೊಬ್ಬನ್ನು ತೊಡೆ-ನಿತಂಬಗಳ ಕಡೆ ಕಳಿಸುತ್ತಿದ್ದದ್ದು ಈಸ್ಟ್ರೋಜನ್. ಅದರ ಹಿಡಿತ ಸಡಿಲಿದಂತೆ ಕೊಬ್ಬು ಹೊಟ್ಟೆಯೊಳಗೆ, ಕರುಳು-ಯಕೃತ್ತಿನ ಸುತ್ತ ಮನೆ ಮಾಡುತ್ತದೆ. ಈ ಒಳಕೊಬ್ಬು ಸುಮ್ಮನೆ ಕೂರುವ ಜಾತಿಯದಲ್ಲ. ಇನ್ಸುಲಿನ್ನಿನ ಮಾತು ಕೇಳದಂತೆ ಮೈಯನ್ನು ಕೆಡಿಸುತ್ತದೆ. ಜೊತೆಗೆ ರಾತ್ರಿ ಮೈ ಬಿಸಿಯೇರಿ, ಬೆವೆತು, ನಿದ್ದೆ ಹರಿದು ಚೂರಾದರೆ ಮರುದಿನ ಹಸಿವೂ ಸಕ್ಕರೆಯೂ ಹದ ತಪ್ಪುತ್ತವೆ.

ಕೊಲೆಸ್ಟರಾಲ್ ಕತೆ ಇನ್ನೂ ಖಚಿತವಾಗಿದೆ. ರಕ್ತದೊತ್ತಡ, ಇನ್ಸುಲಿನ್ ಇವೆಲ್ಲ ವಯಸ್ಸಿನ ಜೊತೆ ಮೆಲ್ಲಗೆ ಸಾಗಿದರೆ, ಎಲ್‌ಡಿಎಲ್ ಕೊಲೆಸ್ಟರಾಲ್ ಕೊನೆಯ ಮುಟ್ಟಿನ ಆಸುಪಾಸಿನ ಒಂದೇ ವರ್ಷದಲ್ಲಿ ಜಿಗಿಯುತ್ತದೆ ಎಂದು ಅದೇ ಸ್ವಾನ್ 2009ರಲ್ಲಿ ತೋರಿಸಿತು. ರಕ್ತದಿಂದ ಎಲ್‌ಡಿಎಲ್ ಎಳೆದುಕೊಳ್ಳುವ ಗ್ರಾಹಕಗಳನ್ನು ಯಕೃತ್ತಿನಲ್ಲಿ ಹೆಚ್ಚಿಸುವ ಕೆಲಸವೂ ಈಸ್ಟ್ರೋಜನ್ನಿನದೇ ಆಗಿತ್ತು. ಈ ಗ್ರಾಹಕಗಳ ಮಾತು ಮುಂದೆ ಮತ್ತೆ ಬರುತ್ತದೆ.

ಇದು ಇಂದಿನ ವಿಜ್ಞಾನದ ಲೆಕ್ಕ. ಹಳೆಯ ಚೀನೀ ವೈದ್ಯಪದ್ಧತಿ ಈ ವಯಸ್ಸನ್ನು ಎಣಿಸುವುದು ಏಳರ ಮಗ್ಗಿಯಲ್ಲಿ. ಎರಡು ಸಾವಿರ ವರ್ಷಗಳಷ್ಟು ಹಳೆಯದಾದ ‘ಹುವಾಂಗ್‌ದಿ ನೇಯ್‌ಜಿಂಗ್’ ಗ್ರಂಥದ ಮೊದಲ ಅಧ್ಯಾಯದಲ್ಲೇ ಹಳದಿ ಚಕ್ರವರ್ತಿ ತನ್ನ ವೈದ್ಯ ಚಿಬೋನನ್ನು ಕೇಳುತ್ತಾನೆ: ವಯಸ್ಸಾದ ಮೇಲೆ ಮಕ್ಕಳಾಗುವುದಿಲ್ಲವೇಕೆ? ಉತ್ತರವಾಗಿ ಚಿಬೋ ಹೆಣ್ಣಿನ ಆಯುಸ್ಸನ್ನು ಏಳೇಳು ವರ್ಷಗಳ ಕಂತುಗಳಾಗಿ ಬಿಡಿಸಿಡುತ್ತಾನೆ. ಏಳಕ್ಕೆ ಹಾಲುಹಲ್ಲು ಬಿದ್ದು ಹೊಸ ಹಲ್ಲು. ಹದಿನಾಲ್ಕಕ್ಕೆ ‘ತಿಯೆನ್‌ಗುಯ್’ ಎಂಬ ಸತ್ವ ಬಂದು ಮುಟ್ಟು. ಇಪ್ಪತ್ತೆಂಟಕ್ಕೆ ಮೈಕಟ್ಟು ಅತ್ಯಂತ ಗಟ್ಟಿ. ಮೂವತ್ತೈದಕ್ಕೆ ‘ಯಾಂಗ್‌ಮಿಂಗ್’ ನಾಡಿಯ ಇಳಿತ. ಮುಖ ಬಾಡಲು, ಕೂದಲು ಉದುರಲು ಮೊದಲು. ನಲವತ್ತೆರಡಕ್ಕೆ ನರೆ. ನಲವತ್ತೊಂಬತ್ತಕ್ಕೆ ತಿಯೆನ್‌ಗುಯ್ ಬತ್ತಿ ಮುಟ್ಟು ಮುಗಿಯಿತು. ಗಂಡಸಿನ ಲೆಕ್ಕ ಎಂಟರ ಮಗ್ಗಿಯಲ್ಲಿ.

ಇಂದಿಗೂ ಚೀನಾದಲ್ಲಿ ಋತುಬಂಧದ ಸರಾಸರಿ ವಯಸ್ಸು 49-50ರ ಸುತ್ತಲೇ ಇದೆ; ನಮ್ಮಲ್ಲಿ ಸುಮಾರು ಮೂರು ವರ್ಷ ಮೊದಲೇ, 46-47ರ ಹೊತ್ತಿಗೆ. ಆದರೆ ನನಗೆ ಹೆಚ್ಚು ಹಿಡಿಸಿದ್ದು ನಲವತ್ತೊಂಬತ್ತರ ಹೊಂದಾಣಿಕೆಯಲ್ಲ, ಮೂವತ್ತೈದರ ಸಾಲು. ಯಾಂಗ್‌ಮಿಂಗ್ ಅಂದರೆ ಜಠರ ಮತ್ತು ದೊಡ್ಡ ಕರುಳಿನ ನಾಡಿ. ಹೆಣ್ಣಿನ ಇಳಿಗಾಲದ ಮೊದಲ ಸುಳಿವನ್ನು ಆ ಲೇಖಕ ಗರ್ಭಕೋಶದಲ್ಲಿ ಹುಡುಕಲಿಲ್ಲ, ಅನ್ನ ಅರಗುವ ಜಾಗದಲ್ಲಿ ಹುಡುಕಿದ. ಇದನ್ನು ಹಿಡಿದು ‘ಅವರಿಗೆ ಎಲ್ಲವೂ ಮೊದಲೇ ಗೊತ್ತಿತ್ತು’ ಎಂದು ಹೊರಡುವುದು ಸುಲಭ. ಆ ದಾರಿ ನನಗೆ ಬೇಡ. ಅವರ ‘ಮೂತ್ರಪಿಂಡ’ ನಮ್ಮ ಮೂತ್ರಪಿಂಡವಲ್ಲ. ಹುಟ್ಟು, ಬೆಳವಣಿಗೆ, ಮುಪ್ಪುಗಳ ಮೂಲಬಂಡವಾಳ ಇರುವ ತಿಜೋರಿ ಅದು. ಅವರ ‘ಗುಲ್ಮ’ ಅನ್ನವನ್ನು ಸತ್ವವಾಗಿ ಮಾರ್ಪಡಿಸಿ ಮೈಯೆಲ್ಲ ಹಂಚುವ ಅಂಗ. ಇವನ್ನು ಹಾರ್ಮೋನುಗಳ ಪಟ್ಟಿಗೆ ಒಂದಕ್ಕೊಂದು ಜೋಡಿಸಲು ಹೋದರೆ ಎರಡೂ ಕೆಡುತ್ತವೆ. ಹಾಗಿದ್ದೂ ಋತುಬಂಧವನ್ನು ಒಂದು ದಿನದ ಘಟನೆಯಾಗಿ ನೋಡದೆ ಹದಿನಾಲ್ಕು ವರ್ಷಗಳ ಇಳಿಜಾರಾಗಿ ಕಂಡದ್ದು ದೊಡ್ಡ ಗಮನಿಕೆಯೇ. ಪಾಶ್ಚಾತ್ಯ ವೈದ್ಯಕೀಯ ಈ ಇಳಿಜಾರಿನ ಹಂತಗಳನ್ನು ಗುರುತಿಸಿ ನಕ್ಷೆ ಮಾಡಿಕೊಂಡದ್ದು 2001ರಲ್ಲಿ.

ಚೀನೀ ವೈದ್ಯರ ಎದುರು ಕೂತ ಹೆಂಗಸನ್ನು ಕೇಳುವ ಪ್ರಶ್ನೆಗಳು ಬೇರೆ ತರಹದವು. ರಾತ್ರಿ ಎಷ್ಟು ಗಂಟೆಗೆ ಎಚ್ಚರವಾಗುತ್ತದೆ? ಪಾದ ತಣ್ಣಗಿರುತ್ತದೆಯೋ ಉರಿಯುತ್ತದೆಯೋ? ಮಲ ಗಟ್ಟಿಯೋ ತೆಳುವೋ? ಊಟವಾದ ಮೇಲೆ ತೂಕಡಿಕೆಯೇ? ಬಾಯಿ ಜಿಗುಟಾಗುತ್ತದೆಯೇ? ಆಮೇಲೆ ಎರಡೂ ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು, ಮೊದಲು ಹಗುರಾಗಿ, ನಂತರ ಒತ್ತಿ ನಾಡಿ ನೋಡುತ್ತಾರೆ. ಮೊಣಕೈ ಕಡೆಯ ಬೆರಳಿಗೆ ಸಿಗುವುದು ಮೂತ್ರಪಿಂಡದ ನಾಡಿ. ಕೊನೆಗೆ ನಾಲಿಗೆ. ಕೆಂಪಗೆ, ಬಿರುಕುಬಿಟ್ಟು, ಮೇಲೆ ಅಗರಿಲ್ಲದೆ ಒಣಗಿದ ನಾಲಿಗೆಯಾದರೆ ‘ಯಿನ್’ ಎಂಬ ತಂಪಿನ ಸತ್ವ ಬತ್ತಿದೆ ಎಂದರ್ಥ. ಬಿಸಿಯೇರಿಕೆ, ರಾತ್ರಿ ಬೆವರು, ಒಣಗಣ್ಣು ಇದರ ಪರಿವಾರ. ಉಬ್ಬಿಕೊಂಡು, ಅಂಚಿನಲ್ಲಿ ಹಲ್ಲಿನ ಗುರುತು ಬಿದ್ದು, ಬಿಳಿಯ ದಪ್ಪ ಜಿಡ್ಡು ಕೂತ ನಾಲಿಗೆಯಾದರೆ ಗುಲ್ಮ ಸೋತಿದೆ, ‘ಕಫ-ತೇವ’ ಕಟ್ಟಿದೆ. ಬೀಜಿಂಗಿನ ವಾಂಗ್ ಚಿ ರೂಪಿಸಿದ, 2009ರಲ್ಲಿ ಚೀನಾದಲ್ಲಿ ಮಾನದಂಡವಾಗಿ ಬಂದ ಒಂಬತ್ತು ದೇಹಪ್ರಕೃತಿಗಳಲ್ಲಿ ಈ ಕಫ-ತೇವವೂ ಒಂದು. ಅದರ ಮೊದಲ ಲಕ್ಷಣವೇ ಮೆತ್ತಗೆ ತುಂಬಿಕೊಂಡ ಹೊಟ್ಟೆ.

ಹಾಗಾಗಿ ಒಂದೇ ವಯಸ್ಸಿನ, ಒಂದೇ ದೂರಿನ ಇಬ್ಬರು ಬೇರೆ ಬೇರೆ ಚೀಟಿ ಹಿಡಿದು ಹೊರಬರುತ್ತಾರೆ. ಕಫ-ತೇವದವಳಿಗೆ ಸೋಂಗ್ ಅರಸರ ಕಾಲದಿಂದ ಬಂದ ‘ಅರ್‌ಚೆನ್’ ಕಷಾಯ. ಅದರ ಮುಖ್ಯ ಸರಕುಗಳಲ್ಲೊಂದು ವರ್ಷಗಟ್ಟಲೆ ಒಣಗಿಸಿಟ್ಟ ಕಿತ್ತಳೆ ಸಿಪ್ಪೆ. ಗುವಾಂಗ್‌ಡಾಂಗಿನ ಶಿನ್‌ಹುಯ್‌ನಲ್ಲಿ ಈ ಸಿಪ್ಪೆ ಹಳತಾದಷ್ಟೂ ಬೆಲೆ ಏರುತ್ತದೆ. ಯಿನ್ ಬತ್ತಿದವಳಿಗೆ ‘ಲಿಯುವೇಯ್ ದಿಹುವಾಂಗ್’ ಎಂಬ ಆರು ಮೂಲಿಕೆಯ ಗುಳಿಗೆ. ಇದರ ಪೂರ್ವೇತಿಹಾಸ ಮಜವಾಗಿದೆ. ಮೊದಲಿದ್ದದ್ದು ಹಾನ್ ಕಾಲದ ಜಾಂಗ್ ಜೋಂಗ್‌ಜಿಂಗನ ಎಂಟು ಮೂಲಿಕೆಗಳ ಮದ್ದು. ಸೋಂಗ್ ಕಾಲದ ಚಿಯೆನ್ ಯಿ ಎಂಬ ಮಕ್ಕಳ ವೈದ್ಯ ಅದರಿಂದ ದಾಲ್ಚಿನ್ನಿಯನ್ನೂ ವತ್ಸನಾಭಿಯ ಜಾತಿಯ ಬೇರನ್ನೂ ತೆಗೆದುಹಾಕಿದ. ಮಕ್ಕಳ ಮೈಗೆ ಅಷ್ಟು ಕಾವು ಬೇಡ ಅಂತ. ಅವನ ಪುಸ್ತಕ ಬಂದದ್ದು 1119ರಲ್ಲಿ. ಬೆಳವಣಿಗೆ ಕುಂಠಿತವಾದ ಕೂಸುಗಳಿಗೆ ಮಾಡಿದ ಆ ಗುಳಿಗೆ ಇವತ್ತು ಚೀನಾದ ಯಾವ ಔಷಧದಂಗಡಿಯಲ್ಲಾದರೂ ನಡುವಯಸ್ಸಿನವರಿಗೆ ಸಿಗುತ್ತದೆ.

ಋತುಬಂಧಕ್ಕೆಂದೇ ಹುಟ್ಟಿದ ಮದ್ದು ಬೇಕೆಂದರೆ ಅಷ್ಟು ಹಿಂದೆ ಹೋಗಬೇಕಿಲ್ಲ. ‘ಅರ್‌ಶಿಯೆನ್’ ಕಷಾಯ 1950ರ ದಶಕದಲ್ಲಿ ಶಾಂಘೈನ ಶುಗುವಾಂಗ್ ಆಸ್ಪತ್ರೆಯಲ್ಲಿ ಜಾಂಗ್ ಬೋನಾ ಎಂಬವರು ಕಟ್ಟಿದ್ದು. ಮುಟ್ಟು ನಿಲ್ಲುವ ಹೆಂಗಸರ ಏರಿದ ರಕ್ತದೊತ್ತಡ ಅವರ ಗುರಿ. ಆರು ಮೂಲಿಕೆಗಳಲ್ಲಿ ಮೂರು ಮೈಯನ್ನು ಬಿಸಿ ಮಾಡುವಂಥವು, ಎರಡು ತಂಪು ಮಾಡುವಂಥವು, ಇನ್ನೊಂದು ರಕ್ತ ಪೋಷಿಸುವ ‘ದಾಂಗ್‌ಗುಯ್’. ಪಾದ ತಣ್ಣಗೆ, ಮುಖ ಬಿಸಿ ಅನ್ನುವ ಹೆಂಗಸಿಗೆ ಎರಡನ್ನೂ ಒಟ್ಟಿಗೆ ಕೊಡುವ ಈ ಧೈರ್ಯ ಕುತೂಹಲ ಹುಟ್ಟಿಸುವಂಥದು. ಮೊದಲನೆಯ ಮೂಲಿಕೆ ‘ಶಿಯೆನ್‌ಮಾವ್’ ನಮಗೆ ಹೊಸತಲ್ಲ. ಅದು ನಮ್ಮ ನೆಲತಾಳೆ. ಮಳೆ ಬಿದ್ದೊಡನೆ ನೆಲಕ್ಕಂಟಿದಂತೆ ಹಳದಿ ಹೂ ಬಿಡುವ, ನಾಟಿ ವೈದ್ಯರು ಗೆಡ್ಡೆ ಅಗೆಯುವ ಗಿಡ. ಚೀನೀ ಔಷಧಕೋಶ ಅದನ್ನು ವಿಷಯುಕ್ತ ಎಂದೇ ನಮೂದಿಸಿದೆ. ‘ಮೂಲಿಕೆ ತಾನೇ’ ಅನ್ನುವವರು ಗಮನಿಸಬೇಕು.

ಹಾಂಕಾಂಗಿನಲ್ಲಿ 108 ಹೆಂಗಸರ ಮೇಲೆ ಈ ಕಷಾಯದ ಪರೀಕ್ಷೆಯಾಯಿತು. ಯಾರಿಗೆ ನಿಜವಾದ ಮದ್ದು, ಯಾರಿಗೆ ಹುಸಿಮದ್ದು ಎಂದು ಕೊಟ್ಟವರಿಗೂ ಕುಡಿದವರಿಗೂ ಗೊತ್ತಿರಲಿಲ್ಲ. ಕಷಾಯ ಕುಡಿದವರಲ್ಲಿ ಬಿಸಿಯೇರಿಕೆ ಹೆಚ್ಚು ಇಳಿಯಿತು ಎಂದು 2013ರಲ್ಲಿ ವರದಿಯಾಯಿತು. ಪ್ರಯೋಗ ಚಿಕ್ಕದು, ಮೂರೇ ತಿಂಗಳಿನದು, ಆದರೂ ತಳ್ಳಿಹಾಕುವಂಥದಲ್ಲ. ಇದಕ್ಕೆ ಎದುರಾಗಿ, ದಾಂಗ್‌ಗುಯ್ ಒಂದನ್ನೇ 71 ಅಮೆರಿಕನ್ ಹೆಂಗಸರಿಗೆ 24 ವಾರ ಕೊಟ್ಟು ನೋಡಿದ 1997ರ ಪ್ರಯೋಗದಲ್ಲಿ ಅದು ಹುಸಿಮಾತ್ರೆಗಿಂತ ಒಂದಿಷ್ಟೂ ಮೇಲಾಗಲಿಲ್ಲ. ಚೀನೀ ವೈದ್ಯರು ನಕ್ಕರು: ನಾವು ಅದನ್ನು ಒಂಟಿಯಾಗಿ ಕೊಟ್ಟದ್ದು ಯಾವಾಗ? ಮಾತು ನ್ಯಾಯವಾದದ್ದೇ. ಆದರೆ ಅಂಗಡಿಗಳಲ್ಲಿ ಈಗಲೂ ಅದು ಒಂಟಿಯಾಗಿಯೇ ಡಬ್ಬಿಯಲ್ಲಿ ಬಿಕರಿಯಾಗುತ್ತದೆ. ರಕ್ತ ತೆಳುವಾಗಿಸುವ ವಾರ್ಫರಿನ್ ನುಂಗುವವರಿಗೆ ಅದು ಅಪಾಯವೂ ಹೌದು.

ಇವೆಲ್ಲ ಬಿಸಿಯೇರಿಕೆಯ ಲೆಕ್ಕವಾಯಿತು. ಹೊಟ್ಟೆ, ಸಕ್ಕರೆ, ಕೊಲೆಸ್ಟರಾಲ್? ಇಲ್ಲಿ ಚೀನೀ ಮದ್ದಿನ ಪೆಟ್ಟಿಗೆಯಲ್ಲಿ ನಿಜವಾಗಿ ತೂಕವಿರುವ ಒಂದು ವಸ್ತು ಬರ್ಬೆರಿನ್. ‘ಹುವಾಂಗ್‌ಲಿಯೆನ್’ ಬೇರಿನ ಹಳದಿ ಬಣ್ಣ, ವಿಪರೀತ ಕಹಿ ಎರಡಕ್ಕೂ ಇದೇ ಕಾರಣ. ಅರ್‌ಶಿಯೆನ್ ಕಷಾಯದ ತಂಪು ಮೂಲಿಕೆಗಳಲ್ಲೊಂದಾದ ‘ಹುವಾಂಗ್‌ಬೋ’ ತೊಗಟೆಯಲ್ಲೂ ಇದಿದೆ, ನಮ್ಮ ಪಶ್ಚಿಮ ಘಟ್ಟದ ಮರದರಿಶಿನದಲ್ಲೂ ಇದಿದೆ. ಚೀನಾದಲ್ಲಿ ಇದು ಬಹುಕಾಲ ಭೇದಿಗೆ ಕೊಡುವ ಅಗ್ಗದ ಮಾತ್ರೆಯಾಗಿತ್ತು. 2004ರಲ್ಲಿ ಬೀಜಿಂಗಿನ ವಿಜ್ಞಾನಿಗಳು, ಬರ್ಬೆರಿನ್ ಮೂರು ತಿಂಗಳಲ್ಲಿ ಎಲ್‌ಡಿಎಲ್ಲನ್ನು ಸುಮಾರು ಕಾಲುಭಾಗ ಇಳಿಸುತ್ತದೆ ಎಂದು ‘ನೇಚರ್ ಮೆಡಿಸಿನ್’ನಲ್ಲಿ ತೋರಿಸಿದರು. ದಾರಿ ಯಾವುದು? ಯಕೃತ್ತಿನ ಅದೇ ಎಲ್‌ಡಿಎಲ್ ಗ್ರಾಹಕಗಳನ್ನು ಹೆಚ್ಚಿಸುವುದು. ಈಸ್ಟ್ರೋಜನ್ ಬಿಟ್ಟುಹೋದ ಕೆಲಸವನ್ನು ಬೇರೆ ಬಾಗಿಲಿನಿಂದ ಬಂದು ಮಾಡಿದ ಹಾಗೆ. 2008ರಲ್ಲಿ ಶಾಂಘೈನ ಇನ್ನೊಂದು ಪುಟ್ಟ ಪ್ರಯೋಗ ಹೊಸದಾಗಿ ಮಧುಮೇಹ ಕಾಣಿಸಿದ 36 ಜನರಲ್ಲಿ ಅದು ಮಧುಮೇಹದ ಮಾಮೂಲಿ ಮಾತ್ರೆ ಮೆಟ್‌ಫಾರ್ಮಿನ್ನಿನಷ್ಟೇ ಸಕ್ಕರೆ ಇಳಿಸಿತು ಎಂದಿತು.

ಇವು ಋತುಬಂಧದ ಹೆಂಗಸರನ್ನೇ ಆಯ್ದು ಮಾಡಿದ ಪ್ರಯೋಗಗಳಲ್ಲ, ದೊಡ್ಡವೂ ಅಲ್ಲ. 2023ರಲ್ಲಿ ಸೋಷಿಯಲ್ ಮೀಡಿಯಾದವರು ಬರ್ಬೆರಿನ್ನನ್ನು ತೂಕ ಇಳಿಸುವ ಚುಚ್ಚುಮದ್ದಿನ ಹೆಸರಲ್ಲಿ ‘ಪ್ರಕೃತಿಯ ಒಜೆಂಪಿಕ್’ ಎಂದು ಕೊಂಡಾಡಿದ್ದು ಅತಿಯಾಯಿತು. ತೂಕದ ಮೇಲೆ ಅದರ ಪರಿಣಾಮ ಅಲ್ಪ. ಹೊಟ್ಟೆ ಕೆಡಿಸುತ್ತದೆ, ಹಲವು ಮಾತ್ರೆಗಳ ಜೊತೆ ಜಗಳವಾಡುತ್ತದೆ. ಬಸುರಿಯರಿಗಂತೂ ಕೂಡದು. ಪೆರಿಮೆನೋಪಾಸಿನಲ್ಲಿ ಇನ್ನೂ ಬಸಿರಾಗಬಹುದು ಅನ್ನುವುದನ್ನು ಮರೆಯುವವರು ಬಹಳ.

ಸೂಜಿ ಚಿಕಿತ್ಸೆಯ ಮಾತು ಬೇಗ ಮುಗಿಯುತ್ತದೆ. ಆಸ್ಟ್ರೇಲಿಯದಲ್ಲಿ ‘ಮೂತ್ರಪಿಂಡದ ಯಿನ್ ಕೊರತೆ’ ಎಂದು ಚೀನೀ ಪದ್ಧತಿಯಲ್ಲೇ ಗುರುತಿಸಿದ 327 ಹೆಂಗಸರಲ್ಲಿ ಅರ್ಧದಷ್ಟು ಜನರಿಗೆ ನಿಜವಾದ ಸೂಜಿ, ಉಳಿದವರಿಗೆ ಚರ್ಮದೊಳಗೆ ಹೋಗದ ಮೊಂಡು ಸೂಜಿ. 2016ರ ಫಲಿತಾಂಶ: ಎರಡೂ ಗುಂಪಿನಲ್ಲಿ ಬಿಸಿಯೇರಿಕೆ ಸುಮಾರು ಶೇಕಡ 40 ತಗ್ಗಿತು, ವ್ಯತ್ಯಾಸವಿಲ್ಲ. ಮಲಗಿಸಿ, ದೀಪ ಮಂದ ಮಾಡಿ, ಒಬ್ಬರು ಅಷ್ಟು ಹೊತ್ತು ನಮ್ಮ ಕಡೆ ಗಮನ ಕೊಟ್ಟರೆ ಮೈ ತಣ್ಣಗಾಗುತ್ತದೆ ಎಂದು ನಾನು ಓದಿಕೊಳ್ಳುತ್ತೇನೆ. ಉತ್ತರ ಅಮೆರಿಕದ ಮೆನೋಪಾಸ್ ಸೊಸೈಟಿ 2023ರಲ್ಲಿ ಬಿಸಿಯೇರಿಕೆಗೆ ಸೂಜಿಯನ್ನೂ ಮೂಲಿಕೆಗಳನ್ನೂ ಶಿಫಾರಸು ಪಟ್ಟಿಯಿಂದ ಹೊರಗಿಟ್ಟಿತು.

ಹೆಂಗಸರಿಗೆಂದು ಮಾರುವ ಮದ್ದುಗಳಲ್ಲಿ ಇನ್ನೊಂದು ‘ಎಜಿಯಾವ್’. ಶಾನ್‌ಡಾಂಗಿನ ಡಾಂಗ್‌ಎ ಊರಿನ ಹೆಸರಿನಲ್ಲಿ ಪ್ರಸಿದ್ಧವಾದ ಈ ಕಪ್ಪು ಅಂಟು ಕತ್ತೆಯ ಚರ್ಮವನ್ನು ಕುದಿಸಿ ತೆಗೆದದ್ದು. ಪೆರಿಮೆನೋಪಾಸಿಗೆ ಬರೆಯುವ ‘ಕುನ್‌ತಾಯ್’ ಕ್ಯಾಪ್ಸೂಲಿನಲ್ಲೂ ಇದಿದೆ. ಚೀನಾದ ಕತ್ತೆಗಳು ಸಾಲದಾದಾಗ ಆಫ್ರಿಕದ ಹಳ್ಳಿಗಳಲ್ಲಿ ನೀರು ಹೊರುತ್ತಿದ್ದ ಕತ್ತೆಗಳು ಕಾಣೆಯಾಗತೊಡಗಿದವು. ಕತ್ತೆ ಹೋದರೆ ಬಿಂದಿಗೆ ಅಲ್ಲಿನ ಹೆಂಗಸರ ತಲೆಗೇ ಬರುತ್ತದೆ. 2024ರ ಫೆಬ್ರವರಿಯಲ್ಲಿ ಆಫ್ರಿಕನ್ ಒಕ್ಕೂಟ ಚರ್ಮಕ್ಕಾಗಿ ಕತ್ತೆ ಕಡಿಯುವುದನ್ನೇ ನಿಷೇಧಿಸಿತು. ನಮ್ಮ ಜಾನುವಾರು ಗಣತಿಯಲ್ಲೂ 2012ರಿಂದ 2019ಕ್ಕೆ ಕತ್ತೆಗಳು ಶೇಕಡ 61 ಕಡಿಮೆಯಾಗಿವೆ. ನಮ್ಮಲ್ಲಿ ಮೋಟಾರು ಬಂಡಿಯ ಪಾಲೂ ದೊಡ್ಡದು. ಆದರೆ ಚರ್ಮದ ಕಳ್ಳಸಾಗಣೆಯ ವರದಿಗಳೂ ಬಂದಿವೆ.

ಇನ್ನೊಂದು ಪ್ರಸಂಗವನ್ನು ಬಿಟ್ಟು ಮುಂದೆ ಹೋಗಲಾಗದು. 1990ರ ಸುಮಾರಿಗೆ ಬೆಲ್ಜಿಯಂನ ಬ್ರಸೆಲ್ಸ್‌ನ ಒಂದು ಕ್ಲಿನಿಕ್ಕು ತೂಕ ಇಳಿಸಲು ಬಂದವರಿಗೆ ಚೀನೀ ಮೂಲಿಕೆ ಬೆರೆಸಿದ ಮಾತ್ರೆ ಕೊಡತೊಡಗಿತು. ಬಂದವರೆಲ್ಲ ಬಹುತೇಕ ಹೆಂಗಸರು. ‘ಹಾನ್ ಫಾಂಗ್‌ಜಿ’ ಎಂಬ ಬೇರು ಇರಬೇಕಾದಲ್ಲಿ ‘ಗುವಾಂಗ್ ಫಾಂಗ್‌ಜಿ’ ಸೇರಿಹೋಗಿತ್ತು. ಎರಡನೆಯದರಲ್ಲಿ ಅರಿಸ್ಟೊಲೋಕಿಕ್ ಆಮ್ಲವಿದೆ. ನೂರಕ್ಕೂ ಹೆಚ್ಚು ಜನರ ಮೂತ್ರಪಿಂಡ ಕೆಟ್ಟವು; ಹಲವರಿಗೆ ಡಯಾಲಿಸಿಸ್, ಕಸಿ. ಕೆಲಸ ನಿಲ್ಲಿಸಿದ ಮೂತ್ರಪಿಂಡಗಳನ್ನು ತೆಗೆಸಿಕೊಂಡ 39 ಜನರ ಪೈಕಿ 18 ಮಂದಿಗೆ ಮೂತ್ರಮಾರ್ಗದ ಕ್ಯಾನ್ಸರ್ ಇತ್ತೆಂದು 2000ದಲ್ಲಿ ಗೊತ್ತಾಯಿತು. ನಮ್ಮ ಈಶ್ವರಿ ಬಳ್ಳಿಯೂ ಅದೇ ಕುಲದ್ದು, ಅದೇ ಆಮ್ಲದ್ದು. ಕರ್ನಾಟಕದ ರಾಜ್ಯಚಿಟ್ಟೆ ಸದರ್ನ್ ಬರ್ಡ್‌ವಿಂಗ್‌ನ ಮರಿಹುಳು ಅದನ್ನು ತಿಂದೇ ಬೆಳೆಯುತ್ತದೆ, ಆ ವಿಷವನ್ನೇ ರಕ್ಷಾಕವಚ ಮಾಡಿಕೊಳ್ಳುತ್ತದೆ. ನಮ್ಮ ಮೂತ್ರಪಿಂಡಕ್ಕೆ ಆ ವಿದ್ಯೆ ಇಲ್ಲ. ಹೆಸರು ಗೊತ್ತಿಲ್ಲದ ಪುಡಿಯನ್ನು, ಅದು ಚೀನಾದ್ದಾಗಲಿ ಪಕ್ಕದೂರಿನದ್ದಾಗಲಿ, ಹೊಟ್ಟೆ ಕರಗಿಸಲು ನುಂಗುವವರು ಅದರ ಪೊಟ್ಟಣವನ್ನು ಡಾಕ್ಟರಿಗೆ ತೋರಿಸುವುದು ಕನಿಷ್ಠ ಜಾಗ್ರತೆ.

ಹಾಗಾದರೆ ಚೀನಾದ ಪರಂಪರೆಯಿಂದ ಸೊಂಟದ ಸುತ್ತಳತೆಗೆ ಸಿಗುವುದೇನು? ಉತ್ತರ ಮದ್ದಿನ ಪೆಟ್ಟಿಗೆಯ ಹೊರಗಿದೆ. ಹಾಂಕಾಂಗ್ ವಿಶ್ವವಿದ್ಯಾಲಯದವರು ಐವತ್ತು ದಾಟಿದ, ಹೊಟ್ಟೆ ಬೊಜ್ಜಿರುವ 543 ಗಂಡಸರು-ಹೆಂಗಸರನ್ನು ಮೂರು ಗುಂಪು ಮಾಡಿದರು. ಒಂದಕ್ಕೆ ಹನ್ನೆರಡು ವಾರ, ವಾರಕ್ಕೆ ಮೂರು ಗಂಟೆ ತಾಯ್‌ಚಿ. ಇನ್ನೊಂದಕ್ಕೆ ಅಷ್ಟೇ ಹೊತ್ತು ಚುರುಕು ನಡಿಗೆ ಮತ್ತು ಸ್ನಾಯು ಬಲದ ಕಸರತ್ತು. ಮೂರನೆಯದಕ್ಕೆ ಏನೂ ಇಲ್ಲ. 2021ರಲ್ಲಿ ಬಂದ ಫಲಿತಾಂಶದ ಪ್ರಕಾರ ಏನೂ ಮಾಡದವರಿಗೆ ಹೋಲಿಸಿದರೆ ತಾಯ್‌ಚಿಯವರ ಸೊಂಟ 1.8 ಸೆಂಟಿಮೀಟರ್, ಕಸರತ್ತಿನವರದು 1.3 ಸೆಂಟಿಮೀಟರ್ ಇಳಿದಿತ್ತು. 38ನೇ ವಾರ ಮತ್ತೆ ಅಳೆದಾಗಲೂ ಇಳಿತ ಉಳಿದಿತ್ತು. ಎರಡು ಸೆಂಟಿಮೀಟರಿಗೂ ಕಡಿಮೆ! ಜಾಹೀರಾತಿಗೆ ಹಾಕುವಂಥ ಸಂಖ್ಯೆಯಲ್ಲ. ಆದರೆ ಚೀನೀ, ಭಾರತೀಯ ಹೆಂಗಸರಿಗೆ ಎಚ್ಚರಿಕೆಯ ಗೆರೆ 80 ಸೆಂಟಿಮೀಟರಿಗೇ ಬೀಳುವಾಗ ಪ್ರತಿ ಸೆಂಟಿಮೀಟರೂ ಲೆಕ್ಕಕ್ಕೆ ಬರುತ್ತದೆ.

ತಾಯ್‌ಚಿ ನೋಡುವವರಿಗೆ ಮೆತ್ತಗಿನ ಆಟ. ಮಾಡಿದವರಿಗೆ ಗೊತ್ತು: ಮಂಡಿ ಅರ್ಧ ಬಗ್ಗಿಸಿಕೊಂಡೇ ಮೈಯ ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಸಾಗಿಸುತ್ತಿದ್ದರೆ ಹತ್ತು ನಿಮಿಷಕ್ಕೆ ತೊಡೆ ನಡುಗುತ್ತದೆ. ಪೆರಿಮೆನೋಪಾಸಿನಲ್ಲಿ ಸದ್ದಿಲ್ಲದೆ ಕರಗುವುದು ಇಂಥವೇ ಸ್ನಾಯುಗಳು. ಸಂಜೆ ಚೀನಾದ ಯಾವ ಊರಿನ ಚೌಕಕ್ಕೆ ಹೋದರೂ ಒಂದು ಸ್ಪೀಕರ್ ಇಟ್ಟುಕೊಂಡು ಸಾಲಾಗಿ ಕುಣಿಯುವ ನಡುವಯಸ್ಸಿನ ಹೆಂಗಸರು ಕಾಣುತ್ತಾರೆ. ಕಾರ್ಖಾನೆ ಕೆಲಸದ ಹೆಂಗಸರಿಗೆ ಅಲ್ಲಿ ಮೊನ್ನೆಮೊನ್ನೆಯವರೆಗೆ 50ಕ್ಕೇ ನಿವೃತ್ತಿ. ಮುಟ್ಟು ನಿಲ್ಲುವುದೂ ಕೆಲಸ ಬಿಡುವುದೂ ಒಟ್ಟಿಗೇ ಬರುತ್ತಿತ್ತು, ಸಂಜೆಗಳು ಅವರದಾಗುತ್ತಿದ್ದವು. ಸದ್ದು ಜಾಸ್ತಿ ಅಂತ ಅಕ್ಕಪಕ್ಕದ ಮನೆಯವರು ಗೊಣಗಿದರೂ ಅವರು ನಿಲ್ಲಿಸಲಿಲ್ಲ. 2025ರಿಂದ ಆ ನಿವೃತ್ತಿಯ ವಯಸ್ಸು ಹಂತಹಂತವಾಗಿ 55ಕ್ಕೆ ಏರುತ್ತಿದೆ. ಇನ್ನು ಮುಂದೆ ಅವರೂ ನಮ್ಮ ಹಾಗೆ ಕೆಲಸ ಮುಗಿಸಿ, ಅಡುಗೆ ಮಾಡಿ, ಉಳಿದ ಹೊತ್ತಿನಲ್ಲಿ ಕುಣಿಯಬೇಕು.